ತಾರಸಿ ಮೇಲೊಂದು ಬೋಳು ಕಾಡು

ಬಂಟ್ವಾಳದಲ್ಲಿ ಫಿಸಿಯೋಥೆರಪಿ ಕ್ಲಿನಿಕ್ ಇಟ್ಟುಕೊಂಡವರಿಗೆ ದಿನಕ್ಕೊಂದು ತಮಾಷೆ ಗ್ಯಾರಂಟಿ. ಅದರ ಜೊತೆಗೆ ತಾರಸಿಯಲ್ಲಿ ಕಾಡು ಬೆಳೆಸುವ ಹುಚ್ಚೂ ಸೇರಿಕೊಂಡರೆ ದಿನಕ್ಕೆ ಎರಡು. ನಾನಾಗಿ ಹುಡುಕಿಕೊಂಡು ಹೋದದ್ದು ಒಂದೂ ಇಲ್ಲ. ಎಲ್ಲವೂ ಮೆಟ್ಟಿಲು ಹತ್ತಿ ಬಂದವು.

ಕೆಳಗೆ ನನ್ನ ಕ್ಲಿನಿಕ್, ಮೇಲೆ ನಮ್ಮ ಮನೆ, ಅದರ ಮೇಲೆ ತಾರಸಿ, ಮೆಟ್ಟಿಲು ಹೊರಗಡೆಯಿಂದ. ಕಾಡು ಎಂದರೆ ಹೆದರಬೇಡಿ, ಒಂದು ಅಗಲದ ಸಿಮೆಂಟ್ ತಟ್ಟೆಯಲ್ಲಿ ಹಿಡಿಸುವಷ್ಟೇ. ಬಹಳ ವರ್ಷಗಳ ಹಿಂದೆ ಮೂಡುಬಿದಿರೆಯಲ್ಲಿ ಬೋನ್ಸಾಯ್ ಪ್ರದರ್ಶನ ನೋಡಲು ಹೋಗಿದ್ದೆ. ಅಲ್ಲಿ ಗೋಡೆಗೆ ಒಂದು ಚಿತ್ರ ಹಾಕಿದ್ದರು. ತಟ್ಟೆಯೊಳಗೆ ಮೊಳದುದ್ದದ ಮರಗಳ ಗುಂಪು, ಬುಡ ನೀರಿನಲ್ಲಿ, ತಲೆ ಚಪ್ಪಟೆ. ನೋಡಿದರೆ ಅದರೊಳಗೆ ದೋಣಿ ಬಿಟ್ಟುಕೊಂಡು ಹೋಗುವ ಅನ್ನಿಸಬೇಕು, ಹಾಗಿತ್ತು. ಪ್ರದರ್ಶನ ಇಟ್ಟವರು ಸಸ್ಯಶಾಸ್ತ್ರದ ನಿವೃತ್ತ ಪ್ರೊಫೆಸರರು. ಇದು ಯಾವ ಮರ ಎಂದು ಕೇಳಿದೆ.

"ಬಾಲ್ಡ್ ಸೈಪ್ರಸ್. ಅಮೆರಿಕದ ಜೌಗು ನೆಲದ್ದು. ಆದರೆ ನಮ್ಮ ಸೆಕೆಗೆ ಅದು ಆಗುವುದಿಲ್ಲ ಮೇಡಂ. ನಾನೇ ಎರಡು ಸಲ ಹಾಕಿ ಕೈಬಿಟ್ಟೆ. ನೀವು ಮೊದಲು ಒಂದು ಆಲದ ಗಿಡ ಹಾಕಿ ನೋಡಿ."

ನನಗೆ 'ಆಗುವುದಿಲ್ಲ' ಎನ್ನುವ ಮಾತು ಆಗುವುದಿಲ್ಲ. ಬೆಳಗಿನಿಂದ ಸಂಜೆವರೆಗೆ ನಾನು ಕೇಳುವುದು ಅದೊಂದನ್ನೇ. ಕೈ ಎತ್ತಲು ಆಗುವುದಿಲ್ಲ, ಕಾಲು ಮಡಚಲು ಆಗುವುದಿಲ್ಲ, ಬಗ್ಗಲು ಆಗುವುದಿಲ್ಲ. ಅಂಥವರ ಕೈಯನ್ನು ಎತ್ತಿಸಿಯೇ ನಾನು ಊಟ ಮಾಡುವುದು. ಇನ್ನು ಒಂದು ಮರ ಯಾವ ಲೆಕ್ಕ? "ಒಂದಲ್ಲ ಸರ್, ನಾನು ಕಾಡೇ ಮಾಡ್ತೇನೆ" ಎಂದು ಹೇಳಿ ಬಸ್ಸು ಹತ್ತಿದೆ.

೧. ಹನ್ನೊಂದನೆಯ ಕಡ್ಡಿ

ಸಸಿಗಳನ್ನು ದೂರದ ನರ್ಸರಿಯಿಂದ ತರಿಸಿದೆ. ಕೊರಿಯರಿನಲ್ಲಿ ಬಂದ ಕಟ್ಟಿನಲ್ಲಿ ಮಣ್ಣಿಲ್ಲ, ಎಲೆಯಿಲ್ಲ. ಒದ್ದೆ ಗೋಣಿಯಲ್ಲಿ ಸುತ್ತಿದ ಹನ್ನೊಂದು ಕಡ್ಡಿಗಳು ಮಾತ್ರ. ನನ್ನ ಅತ್ತೆ ಕಟ್ಟನ್ನು ತಿರುಗಿಸಿ ತಿರುಗಿಸಿ ನೋಡಿ, "ಇದಕ್ಕೆ ದುಡ್ಡು ಕೊಟ್ಟೆಯಾ? ಗುಡಿಸುವ ಹಿಡಿಸೂಡಿಯಾದರೆ ಇದಕ್ಕಿಂತ ದಪ್ಪದ ಕಟ್ಟು ಬರ್ತಿತ್ತು" ಎಂದರು.

ಭಾನುವಾರ ನೆಡಲು ಕೂತರೆ ಕಡ್ಡಿ ಹತ್ತೇ ಉಂಟು. ಪ್ರೊಫೆಸರರಿಗೆ ಫೋನು ಮಾಡಿದೆ. ನನ್ನ ಹಠ ನೋಡಿ ಅವರು ಅಷ್ಟರಲ್ಲಿ ಗುರುಗಳಾಗಿಬಿಟ್ಟಿದ್ದರು.

"ಹತ್ತು ಆಗಲಿಕ್ಕಿಲ್ಲ. ಕಾಡಿಗೆ ಬೆಸ ಸಂಖ್ಯೆಯೇ ಬೇಕು. ಜೋಡಿ ಜೋಡಿ ಇಟ್ಟರೆ ಮದುವೆ ದಿಬ್ಬಣ ನಿಂತ ಹಾಗೆ ಕಾಣ್ತದೆ."

ಒಂಬತ್ತನ್ನು ತಟ್ಟೆಯಲ್ಲಿ ನೆಟ್ಟು ಹತ್ತನೆಯದನ್ನು ಒಂದು ಕುಂಡದಲ್ಲಿ ಬದಿಗಿಟ್ಟೆ. ನರ್ಸರಿಯವನ ಹತ್ತಿರ ಫೋನಿನಲ್ಲಿ ಜಗಳವೂ ಆಯಿತು. ಅವನು ಎಣಿಸಿಯೇ ಹಾಕಿದ್ದಾಗಿ ತಾಯಿಯ ಮೇಲೆ ಆಣೆ ಇಟ್ಟ.

ಮಳೆಗಾಲ ಮುಗಿದ ಮೇಲೆ ಒಂದು ದಿನ ಬದನೆಕಾಯಿ ಕೊಯ್ಯಲು ಬಚ್ಚಲಿನ ಹಿಂದೆ ಹೋದೆ. ಅಲ್ಲಿ ಅತ್ತೆಯ ಬದನೆ ಗಿಡಗಳು ಉಂಟು. ಒಂದು ಗಿಡ ಬೀಳದ ಹಾಗೆ ಬಾಳೆಯ ನಾರಿನಿಂದ ಕೋಲಿಗೆ ಕಟ್ಟಿದ್ದರು. ಆ ಕೋಲಿಗೆ ಎಲೆ ಬಂದಿತ್ತು! ಹಕ್ಕಿಯ ಪುಕ್ಕದ ಹಾಗಿನ ಎಳೆ ಹಸಿರು ಎಲೆ. ಬಚ್ಚಲಿನ ನೀರು ಕುಡಿದು ಕುಡಿದು ಅದು ನನ್ನ ಸೊಂಟದವರೆಗೆ ಬೆಳೆದಿತ್ತು. ಮೇಲೆ ತಟ್ಟೆಯಲ್ಲಿದ್ದ ಒಂಬತ್ತೂ ಅದರ ಎದುರು ಕಿರುಬೆರಳಿನ ಹಾಗೆ.

"ಅತ್ತೆ, ಇದು ನನ್ನ ಮರ!"

"ಬದನೆ ವಾಲಿತ್ತು, ಕೋಲು ಬೇಕಿತ್ತು, ತೆಗೆದುಕೊಂಡೆ. ಈಗ ಎಂತ ಆಯಿತು?"

"ಎಂತ ಆಗುವುದು? ಕಾಡಿನ ನಡುವೆ ಎಲ್ಲಕ್ಕಿಂತ ದಪ್ಪದ ಒಂದು ಮರ ಬೇಕು. ಇದೇ ಯಜಮಾನ. ಕುಂಡದಲ್ಲಿ ಇಟ್ಟದ್ದೂ ಸೇರಿದರೆ ಹನ್ನೊಂದು. ನಾನು ಕೀಳ್ತೇನೆ."

ಅತ್ತೆ ಬದನೆ ಗಿಡಕ್ಕೆ ಅಡ್ಡ ನಿಂತರು. "ಕೀಳು, ಬೇಡ ಹೇಳುವುದಿಲ್ಲ. ಮೊದಲು ಇದಕ್ಕೆ ಬೇರೆ ಕೋಲು ಕೊಟ್ಟು ಕೀಳು. ಇದರಲ್ಲಿ ಸಾಂಬಾರಿಗೆ ಆಗುವಷ್ಟು ಕಾಯಿ ಆಗ್ತದೆ. ನಿನ್ನ ಕಾಡಿನಲ್ಲಿ ಎಂತ ಆಗ್ತದೆ ಹೇಳು?"

ನಾನು ಬೇರೆ ಕೋಲು ಹುಡುಕಲು ಹೋದೆ.

೨. ಲಾರ್ವಾ

ಈ ಮರಕ್ಕೆ ನೀರೆಂದರೆ ಪ್ರಾಣ. ತಟ್ಟೆಯನ್ನು ಇನ್ನೊಂದು ದೊಡ್ಡ ತೊಟ್ಟಿಯಲ್ಲಿ ಇಳಿಸಿ, ಬುಡ ಮುಳುಗುವಷ್ಟು ನೀರು ನಿಲ್ಲಿಸಿದ್ದೆ. ಡೆಂಗಿಯ ಸಮಯ. ಮನೆಮನೆ ನೋಡಿಕೊಂಡು ಬಂದ ಆರೋಗ್ಯ ಕಾರ್ಯಕರ್ತೆ ತಾರಸಿ ಹತ್ತಿ, ತೊಟ್ಟಿಗೆ ಟಾರ್ಚು ಬಿಟ್ಟು, ಹಣೆಗೆ ಕೈ ಇಟ್ಟುಕೊಂಡರು.

"ನೀವು ಕಲಿತವರು ಹೀಗೆ ನೀರು ನಿಲ್ಲಿಸಿದರೆ ಹೇಗೆ ಮೇಡಂ? ಚೆಲ್ಲಿ."

"ಚೆಲ್ಲಲು ಆಗುವುದಿಲ್ಲ. ಅದು ಜೌಗು ಕಾಡು."

"ಕಾಡು ಇರ್ಲಿ, ಸೊಳ್ಳೆಗೆ ಗೊತ್ತಾಗ್ತದಾ?"

ನ್ಯಾಯವಾದ ಮಾತು. ಆದರೆ ನಾನು ನೀರು ಚೆಲ್ಲುವವಳಲ್ಲ. ಉಜಿರೆಯ ಒಂದು ಅಂಗಡಿಯಿಂದ ಸೊಳ್ಳೆಮರಿ ತಿನ್ನುವ ಗಪ್ಪಿ ಮೀನು ತಂದು ಬಿಟ್ಟೆ. ಮುಂದಿನ ತಿಂಗಳು ಅವರು ಬಂದಾಗ ಒಂದೂ ಲಾರ್ವಾ ಇರಲಿಲ್ಲ, ಮೀನು ಮಾತ್ರ ಹಿಂಡು ಹಿಂಡು. ಆ ಅಕ್ಕನಿಗೆ ಎಷ್ಟು ಖುಷಿಯಾಯಿತೆಂದರೆ ಅಕ್ಕಪಕ್ಕದ ಬಾವಿಗಳಿಗೆ ಬಿಡಲು ಒಂದು ಬಾಟಲಿ ತುಂಬ ಮೀನು ಕೇಳಿ ತೆಗೆದುಕೊಂಡು ಹೋದರು. ನಾನು ಗೆದ್ದವಳ ಹಾಗೆ ಮನೆಯವರನ್ನು ಕರೆದು ತೋರಿಸಿದೆ. ನೋಡಿ, ಮರ ಉಳಿಯಿತು, ಊರೂ ಉಳಿಯಿತು ಎಂದೆ.

ನನ್ನವರು ಮೀನಿಲ್ಲದೆ ಊಟ ಇಳಿಯದ ಜನ. ತೊಟ್ಟಿಗೆ ಬಗ್ಗಿ ಬಹಳ ಹೊತ್ತು ನೋಡಿದರು.

"ಎಲ್ಲ ಸರಿ. ಇದು ಎಷ್ಟು ದೊಡ್ಡದಾಗ್ತದೆ? ಪುಳಿಮುಂಚಿ ಸಾರಿಗೆ ಆಗುವಷ್ಟು ಆಗ್ತದಾ?"

೩. ಕುತ್ತಿಗೆ

ಮರಗಳನ್ನು ಬಗ್ಗಿಸಲು ಅಲ್ಯೂಮಿನಿಯಂ ತಂತಿ ಸುತ್ತಬೇಕು. ಮಧ್ಯಾಹ್ನ ಕ್ಲಿನಿಕ್ಕಿನಲ್ಲಿ ಜನ ಕಡಿಮೆ. ಒಂದು ದಿನ ತಟ್ಟೆಯನ್ನೇ ಕೆಳಗೆ ತರಿಸಿ ಒಳಕೋಣೆಯ ಮೇಜಿನ ಮೇಲೆ ಇಟ್ಟುಕೊಂಡಿದ್ದೆ. ಪರದೆಯ ಆಚೆ ಒಬ್ಬರೇ ರೋಗಿ. ಮಾಣಿಯಲ್ಲಿ ಹೋಟೆಲು ಇಟ್ಟವರು, ದೊಡ್ಡ ಆಳು, ಕುತ್ತಿಗೆ ನೋವು. ಗಲ್ಲಕ್ಕೆ ಪಟ್ಟಿ ಕಟ್ಟಿ, ತೂಕ ಇಳಿಬಿಟ್ಟು, ಟ್ರಾಕ್ಷನ್ನಿನಲ್ಲಿ ಮಲಗಿಸಿದ್ದೆ. ಮೊದಲ ಸಲ ಬಂದದ್ದು, ಮೊದಲೇ ಹೆದರಿದ್ದರು.

ಯಜಮಾನ ಮರದ ತುದಿ ಬಗ್ಗಲಿಲ್ಲ. ಎರಡೂ ಕೈ ತಂತಿಯಲ್ಲಿದ್ದುದರಿಂದ ಗುರುಗಳಿಗೆ ಸ್ಪೀಕರಿನಲ್ಲಿ ಫೋನು ಹಾಕಿದೆ.

"ಸರ್, ಕುತ್ತಿಗೆಯ ಹತ್ತಿರ ತುಂಬ ಬಿಗಿ. ಬಗ್ಗುವುದೇ ಇಲ್ಲ."

"ದಪ್ಪ ಜಾಸ್ತಿಯಲ್ಲ, ಅದಕ್ಕೆ. ಎರಡು ಕೈಯಲ್ಲಿ ಹಿಡಿದು ತಿರುಚಿ. ಕಟ್ ಅಂತ ಶಬ್ದ ಬಂದರೂ ಬಿಡಬೇಡಿ."

"ಮುರಿದರೆ?"

"ಮುರಿದರೆ ಮುರಿಯಿತು. ಅಲ್ಲಿಂದ ಮೇಲಿನದ್ದನ್ನು ಗರಗಸದಲ್ಲಿ ಚಪ್ಪಟೆಯಾಗಿ ತೆಗೆದುಬಿಡಿ. ಈ ಜಾತಿ ತಲೆ ಇಲ್ಲದೆ ಚಂದ ಬದುಕ್ತದೆ."

"ಸರಿ ಸರ್. ಗರಗಸ ಇಲ್ಲೇ ಉಂಟು. ಈಗಲೇ ಮುಗಿಸ್ತೇನೆ."

ಪರದೆಯ ಆಚೆ ತೂಕದ ಕಬ್ಬಿಣ ನೆಲಕ್ಕೆ ಬಿದ್ದ ಸದ್ದಾಯಿತು. ಹಿಂದೆಯೇ ಬಾಗಿಲು ಬಡಿದ ಸದ್ದು. ನಾನು ಗರಗಸ ಹಿಡಿದೇ ಓಡಿ ಹೊರಗೆ ಬಂದು, "ನಿಲ್ಲಿ ಮಾರಾಯ್ರೆ, ನಿಮಗಲ್ಲ!" ಎಂದು ಕೂಗಿದೆ. ಕೈಯಲ್ಲಿ ಗರಗಸ ಇರುವವಳು ನಿಲ್ಲಿ ಎಂದರೆ ಯಾರು ನಿಲ್ತಾರೆ? ಕುತ್ತಿಗೆ ತಿರುಗುವುದಿಲ್ಲ ಎಂದು ಬಂದವರು ಓಡುತ್ತ ಓಡುತ್ತ ಎರಡು ಸಲ ಹಿಂದೆ ತಿರುಗಿ ನೋಡಿದರು.

ಮರುದಿನ ಫೋನು ಬಂತು. "ಮೇಡಂ, ನಿಮ್ಮ ಪಟ್ಟಿ ನನ್ನ ಗಲ್ಲದಲ್ಲೇ ಬಂದಿದೆ. ಬಸ್ಸಿನಲ್ಲಿ ಕೊಟ್ಟು ಕಳಿಸ್ತೇನೆ. ನಾನು ಬರುವುದಿಲ್ಲ. ನೋವು ಕಡಿಮೆ ಉಂಟು."

೪. ನನ್ನವರ ವಾರ

ಗುರುಗಳು ಹೇಳಿದ್ದ ಒಂದು ಮಾತು ನನ್ನನ್ನು ಕೊರೆಯುತ್ತಿತ್ತು. ಈ ಮರ ತನ್ನ ಊರಿನಲ್ಲಿ ಚಳಿಗೆ ಎಲೆಯೆಲ್ಲ ಕೆಂಪು ಮಾಡಿ ಉದುರಿಸಿ ಬೋಳಾಗಿ ನಿಲ್ಲುತ್ತದೆ, 'ಬಾಲ್ಡ್' ಎಂಬ ಹೆಸರು ಬಂದದ್ದೂ ಹಾಗೇ. ಬೋಳಾದಾಗಲೇ ಅದರ ಚಂದ. "ಆದರೆ ನಮ್ಮಲ್ಲಿ ಎಲ್ಲಿಯ ಚಳಿ? ಹಾಗಾಗುವುದಿಲ್ಲ ಬಿಡಿ" ಎಂದಿದ್ದರು. ಪುನಃ ಅದೇ 'ಆಗುವುದಿಲ್ಲ'. ಎರಡು ವರ್ಷ ಡಿಸೆಂಬರಿನಲ್ಲಿ ಎಲೆ ನೋಡುತ್ತ ಕೂತೆ. ಹಸಿರು ಹಸಿರೇ.

ಮೂರನೆಯ ವರ್ಷ ಜನವರಿಯಲ್ಲಿ ನನಗೆ ಬೆಂಗಳೂರಿನಲ್ಲಿ ಒಂದು ವಾರ ತರಬೇತಿ. ನೀರು ಹಾಕುವ ಕೆಲಸ ನನ್ನವರಿಗೆ ಬಂತು. ಬೋಳಾಗುವ ಸಂಗತಿ ಅವರಿಗೆ ಹೇಳಿರಲಿಲ್ಲ. ಆಗದ ವಿಷಯ ಯಾಕೆ ಹೇಳುವುದು ಎಂದು.

ಆ ವಾರ ಫೋನಿನಲ್ಲಿ ಅವರ ಸ್ವರ ಸಣ್ಣದಾಗುತ್ತ ಹೋಯಿತು. ಗಿಡ ಹೇಗುಂಟು ಎಂದರೆ "ಉಂಟು" ಎನ್ನುತ್ತಿದ್ದರು. ಹೇಗೆ ಎಂದರೆ "ನಿಂತಿದೆ". ಬಂದ ದಿನ ಬಸ್ ಸ್ಟಾಂಡಿಗೆ ಸ್ಕೂಟರು ತಂದಿದ್ದರು. ಬ್ಯಾಗು ಕೊಡುವ ಮೊದಲೇ ಶುರುಮಾಡಿದರು.

"ನಾನು ಎಂತ ಮಾಡಲಿಲ್ಲ. ನೀರು ಹಾಕಿದ್ದೇನೆ. ಎಳನೀರೂ ಹಾಕಿದ್ದೇನೆ. ಬಿಸಿಲಿಗೆ ಕೊಡೆ ಹಿಡಿದಿದ್ದೇನೆ. ಅಮ್ಮನನ್ನು ಬೇಕಾದರೆ ಕೇಳು."

ಮನೆಗೆ ಬಂದವಳೇ ತಾರಸಿಗೆ ಓಡಿದೆ. ಹನ್ನೊಂದು ಮರಗಳೂ ಬೋಳು. ಒಂದೂ ಎಲೆ ಇಲ್ಲ. ರೆಂಬೆಯ ಒಂದೊಂದು ತುದಿಯೂ ಬಿಡಿಸಿಟ್ಟ ಹಾಗೆ, ಆ ಚಿತ್ರದಲ್ಲಿದ್ದ ಹಾಗೆಯೇ! ನಾನು ತಾರಸಿಯಲ್ಲಿ ಕುಣಿದೆ.

ನನ್ನವರು ಬಾಗಿಲಲ್ಲಿ ನಿಂತೇ ಒಂದು ಬಿಸ್ಕತ್ತಿನ ಡಬ್ಬಿ ಮುಂದೆ ಮಾಡಿದರು. ಅದರ ತುಂಬ ಕೆಂಪು ಎಲೆ. "ಒಂದೂ ಬಿಸಾಡಲಿಲ್ಲ. ಎಲ್ಲ ಉಂಟು."

ವಿಷಯ ಹೇಳಿದೆ. ಅವರು ಅಲ್ಲೇ ಮೆಟ್ಟಿಲ ಮೇಲೆ ಕೂತು ಬೆವರು ಒರೆಸಿಕೊಂಡರು.

"ಮದುವೆಯಾಗಿ ಇಷ್ಟು ವರ್ಷ ಆಯಿತು. ನಾನು ಒಂದು ಕೆಲಸ ಹಾಳು ಮಾಡಿದ್ದಕ್ಕೆ ನೀನು ಕುಣಿದದ್ದು ಇದೇ ಮೊದಲು."

೫. ಲೋಡ್

ಮೂಡುಬಿದಿರೆಯ ಪ್ರದರ್ಶನಕ್ಕೆ ನನ್ನ ಕಾಡೂ ಹೋಗುವುದೆಂದಾಯಿತು. ಪಿಕಪ್ಪಿನ ಹಿಂದೆ ತಟ್ಟೆ, ಮೇಲೆ ಟಾರ್ಪಾಲು, ಮುಂದೆ ಡ್ರೈವರಿನ ಪಕ್ಕ ನಾನು. ಸಿದ್ಧಕಟ್ಟೆ ದಾಟಿದ ಮೇಲೆ ಅರಣ್ಯದವರ ತಪಾಸಣೆ ನಡೆಯುತ್ತಿತ್ತು. ಗಾರ್ಡು ಕೈ ಅಡ್ಡ ಹಿಡಿದ.

"ಎಂತ ಲೋಡು?"

ನನ್ನ ಡ್ರೈವರು ಸತ್ಯವಂತ. "ಮರ ಸಾರ್. ಹನ್ನೊಂದು."

"ಪರ್ಮಿಟ್?"

"ಇಲ್ಲ ಸಾರ್. ಮೇಡಮ್ಮನ ಸ್ವಂತ ಕಾಡಿನದ್ದು."

"ಸ್ವಂತ ಕಾಡಾ? ಎಷ್ಟು ತೆಗೆದಿದ್ದೀರಿ ಅದರಿಂದ?"

"ಏನೂ ಬಿಡಲಿಲ್ಲ ಸಾರ್. ಇಡೀ ಕಾಡೇ ಹಿಂದೆ ಉಂಟು."

ಗಾರ್ಡು ಸೀಟಿ ಊದಿದ. ಇನ್ನೂ ಇಬ್ಬರು ಓಡಿ ಬಂದರು. ನಾನು ಇಳಿದು ಹೋಗುವಷ್ಟರಲ್ಲಿ ಟಾರ್ಪಾಲು ಎತ್ತಿಯಾಗಿತ್ತು. ಮೂವರೂ ತಟ್ಟೆಗೆ ಬಗ್ಗಿ ನಿಂತಿದ್ದರು. ಹೊಸ ಚಿಗುರಿನ ಹನ್ನೊಂದು ಮರ, ಎತ್ತರದ್ದು ನಡುವೆ, ಸಣ್ಣವು ಅಂಚಿಗೆ, ಕೆಳಗೆ ಪಾಚಿ. ಅವರಲ್ಲಿ ಹಿರಿಯವನು ಬೆಳ್ತಂಗಡಿ ಕಡೆಯಲ್ಲಿ ವರ್ಷಗಟ್ಟಲೆ ತೋಟಕ್ಕೆ ನುಗ್ಗುವ ಆನೆ ಓಡಿಸಿ ಸುಸ್ತಾದವನಂತೆ. ಒಂದು ಸುತ್ತು ಬಂದು ನಿಟ್ಟುಸಿರು ಬಿಟ್ಟ.

"ಇಂಥ ಒಂದು ಕಾಡಿಗೆ ನನ್ನನ್ನು ಟ್ರಾನ್ಸ್‌ಫರ್ ಮಾಡಿದ್ದರೆ ಇಷ್ಟರಲ್ಲಿ ನನ್ನ ಬಿಪಿ ಸರಿಯಾಗ್ತಿತ್ತು ಮೇಡಂ. ಇದರೊಳಗೆ ಆನೆ ಬಂದರೂ ಕಿಸೆಯಲ್ಲಿ ಹಾಕಿಕೊಳ್ಳಬಹುದು."

೬. ಮಂಡಿ

ಆ ಪ್ರದರ್ಶನದಲ್ಲಿ ಗುರುಗಳು ನನ್ನ ಕಾಡಿನ ಸುತ್ತ ನಿಧಾನ ನಡೆದರು. ಮೆಚ್ಚುಗೆ ಮುಖದಲ್ಲಿ ಕಾಣುತ್ತಿತ್ತು, ಬಾಯಲ್ಲಿ ಬರಲಿಲ್ಲ. ಕೊನೆಗೆ ಕೇಳಿದರು. "ಮಂಡಿ ಎಲ್ಲಿ?"

ಈ ಮರ ತುಂಬ ವರ್ಷ ನೀರಿನಲ್ಲಿ ನಿಂತರೆ ಬೇರಿನಿಂದ ಗಂಟಿನಂಥದ್ದು ಮೇಲೆದ್ದು ಬರುತ್ತದೆ. ಮಡಚಿದ ಮೊಣಕಾಲಿನ ಹಾಗೆ ಕಾಣುವುದರಿಂದ ಅದಕ್ಕೆ ಮಂಡಿ ಎಂದೇ ಹೆಸರು. "ತಟ್ಟೆಯಲ್ಲಿ ಅದು ಬರುವುದು ಕಷ್ಟ. ಆಗುವುದಿಲ್ಲ ಅಂತಲೇ ಇಟ್ಟುಕೊಳ್ಳಿ" ಎಂದರು. ನಾನು ಕಾಡನ್ನು ಮನೆಗೆ ತಂದು ನೀರು ಇನ್ನೊಂದು ಬೆರಳು ಏರಿಸಿದೆ. ಬೇಸಗೆಯಲ್ಲಿ ನಲ್ಲಿ ಬತ್ತಿದಾಗ ನನ್ನ ಸ್ನಾನದ ನೀರಿನಲ್ಲಿ ಪಾಲು ಕೊಟ್ಟೆ. ಹೀಗೆ ಕೆಲವು ವರ್ಷ ಹೋದವು. ಒಂದು ಬೆಳಿಗ್ಗೆ ಯಜಮಾನ ಮರದ ಪಕ್ಕ ಪಾಚಿ ಉಬ್ಬಿತ್ತು. ಮುಟ್ಟಿದರೆ ಗಟ್ಟಿ.

ಮೆಟ್ಟಿಲುಗಳನ್ನು ಎರಡೆರಡು ಇಳಿದು ಕ್ಲಿನಿಕ್ಕಿಗೆ ಬಂದು ರಿಸೆಪ್ಷನಿಸ್ಟಿಗೆ ಕೂಗಿ ಹೇಳಿದೆ. "ಬಂತು! ಮಂಡಿ ಬಂತು! ಹೊಸ ಮಂಡಿ!"

ಅಲ್ಲಿ ಬೆಂಚಿನ ಮೇಲೆ ಒಬ್ಬರು ಅಮ್ಮ ಕೂತಿದ್ದರು. ಪೊಳಲಿ ಕಡೆಯ ದೊಡ್ಡ ಮನೆತನದವರು, ಈಗ ನಮ್ಮ ಹಿಂದಿನ ಓಣಿಯಲ್ಲಿ ಮಗಳ ಮನೆಯಲ್ಲಿ ಇದ್ದಾರೆ. ಎರಡೂ ಮಂಡಿ ನೋವು. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಬಂದು ಬಿಸಿ ಶಾಖ ಕೊಡಿಸಿಕೊಂಡು ಹೋಗುತ್ತಿದ್ದರು, ಅಷ್ಟೆ. ಶಾಖ ಮಾತ್ರ ಸಾಲದು, ಮಂಡಿಗೆ ಬಲ ಬರಬೇಕಾದರೆ ದಿನಾ ನಾಲ್ಕು ಮೆಟ್ಟಿಲಾದರೂ ಹತ್ತಿ ಇಳಿಯಬೇಕು ಎಂದು ನಾನು ತಿಂಗಳುಗಟ್ಟಲೆ ಹೇಳಿದ್ದೆ.

"ಹತ್ತಿ ಇಳಿಯಲಿಕ್ಕೆ ನಾನು ಶಾಲೆ ಮಗುವಾ? ನನ್ನಿಂದ ಆಗುವುದಿಲ್ಲ. ಮದ್ದು ಉಂಟಾದರೆ ಕೊಡಿ" ಎನ್ನುತ್ತಿದ್ದರು. ಕ್ಲಿನಿಕ್ಕಿನ ಜಗಲಿಯ ಒಂದು ಮೆಟ್ಟಿಲಿಗೂ ಮಗಳ ಕೈ ಬೇಕು. ನನ್ನ ಹಠ ಸೋತದ್ದು ಅವರೊಬ್ಬರ ಎದುರು.

ಆ ಅಮ್ಮ ನನ್ನನ್ನು ಕರೆದು ಕೇಳಿದರು. "ಯಾರಿಗೆ ಬಂತು ಡಾಕ್ಟ್ರೇ, ಹೊಸ ಮಂಡಿ?"

"ಮೇಲೆ ತಾರಸಿಯಲ್ಲಿ ನನ್ನದೊಂದು ಮರ ಉಂಟಮ್ಮ. ಅದಕ್ಕೆ."

"ತನ್ನಷ್ಟಕ್ಕೆ ಬಂತಾ? ಆಪರೇಶನ್ ಎಂತದೂ ಇಲ್ಲದೆ?"

"ಎಂತದೂ ಇಲ್ಲ!" ಎಂದೆ ಖುಷಿಯಲ್ಲಿ. ಅವರು ತಮ್ಮ ಮಂಡಿ ನೇವರಿಸಿಕೊಂಡರು.

ಆಮೇಲೆ ಶುರುವಾಯಿತು ನನ್ನ ಕಾಡಿನ ಗ್ರಹಚಾರ. ಎಡಬದಿಯ ಮರಗಳಲ್ಲಿ ಎಲೆ ಕಡಿಮೆಯಾಗುತ್ತ ಬಂತು. ಅದು ಉದುರುವ ಕಾಲವೂ ಅಲ್ಲ. ವರ್ಷಗಟ್ಟಲೆ ತಂತಿ ಕಟ್ಟಿ, ಕತ್ತರಿಸಿ, ಆಕಾರಕ್ಕೆ ತಂದ ರೆಂಬೆಗಳು ಬರಿದಾಗತೊಡಗಿದವು. ಮಂಗ ಎಂದುಕೊಂಡೆ, ಬಲೆ ಕಟ್ಟಿದೆ. ಬಲೆಯನ್ನು ಯಾರೋ ಅಚ್ಚುಕಟ್ಟಾಗಿ ಬಿಚ್ಚಿ ಎಲೆ ತೆಗೆದು ಪುನಃ ಕಟ್ಟಿದ್ದರು. ಮಂಗ ಗಂಟು ಹಾಕುತ್ತದಾ? ನನಗೆ ಅಳು ಬಂತು, ಆಮೇಲೆ ಸಿಟ್ಟು ಬಂತು. ಹಿಡಿದೇ ಬಿಡುವುದು ಎಂದು ಒಂದು ಸಂಜೆ ನೀರಿನ ಟ್ಯಾಂಕಿನ ಹಿಂದೆ ಅಡಗಿ ಕೂತೆ.

ಸ್ವಲ್ಪ ಹೊತ್ತಿಗೆ ಮೆಟ್ಟಿಲಲ್ಲಿ ಸದ್ದು. ಬರುವವರು ಸರಸರನೆ ಬರುತ್ತಿದ್ದರು. ಯಾರೋ ಪ್ರಾಯದವರು ಎಂದುಕೊಂಡು ಇಣುಕಿದರೆ ಅದೇ ಅಮ್ಮ! ಸೀರೆಯ ನೆರಿಗೆ ಮೇಲೆ ಸಿಕ್ಕಿಸಿ, ಕೈಯಲ್ಲಿ ಒಂದು ಸ್ಟೀಲಿನ ಡಬ್ಬಿ ಹಿಡಿದು, ಎರಡು ಮಾಳಿಗೆ ಹತ್ತಿ ಬಂದಿದ್ದರು. ಮಗಳ ಕೈ ಇಲ್ಲ, ಗೋಡೆಗೂ ಕೈ ಇಲ್ಲ. ಕಾಡಿನ ಎದುರು ಕುಕ್ಕುರುಗಾಲಿನಲ್ಲಿ ಕೂತರು. ಕುಕ್ಕುರುಗಾಲು! ಬಲೆ ಬಿಚ್ಚಿ, ಎಳೆ ಎಲೆ ಆಯ್ದು ಡಬ್ಬಿಗೆ ಹಾಕಿ, ಮರದ ಮಂಡಿಗೆ ಕೈಮುಗಿದು ಎದ್ದರು.

"ಅಮ್ಮಾ!" ಎಂದು ಕೂಗಿದೆ.

ಅವರಿಗೆ ಹೆದರಿಕೆಯೂ ಇಲ್ಲ, ನಾಚಿಕೆಯೂ ಇಲ್ಲ. "ನಿಮ್ಮ ಹತ್ತಿರ ಜಗಳ ಉಂಟು ಡಾಕ್ಟ್ರೇ. ಇಂಥ ಮದ್ದು ತಲೆಯ ಮೇಲೆ ಇಟ್ಟುಕೊಂಡು ನನಗೆ ಇಷ್ಟು ದಿನ ಬರಿಯ ಶಾಖ ಕೊಟ್ಟಿರಲ್ಲ! ಎಣ್ಣೆಗೆ ಹಾಕಿ ಕಾಯಿಸಿ ಹಚ್ಚಿದೆ. ಹಳೇ ಎಲೆ ಆಗುವುದಿಲ್ಲ, ಆಗಷ್ಟೇ ಕಿತ್ತದ್ದೇ ಬೇಕು ಅಂತ ದಿನಕ್ಕೆ ಎರಡು ಸಲ ಬಂದೆ. ನೋಡಿ ಈಗ." ಅಲ್ಲೇ ಎರಡು ಸಲ ಕೂತು ಎದ್ದು ತೋರಿಸಿದರು.

"ಎಲೆಯಿಂದ ಅಲ್ಲಮ್ಮ! ಮೆಟ್ಟಿಲಿನಿಂದ! ನೀವು ಹತ್ತಿ ಇಳಿದದ್ದಕ್ಕೆ ಬಲ ಬಂದದ್ದು!"

ಅವರು ನನ್ನನ್ನು ಕನಿಕರದಿಂದ ನೋಡಿದರು. "ಮೆಟ್ಟಿಲು ಹತ್ತಿ ಮಂಡಿ ಹೋದದ್ದು ಕೇಳಿದ್ದೇನೆ. ಬಂದದ್ದು ಕೇಳಲಿಲ್ಲ."

ಕಾಡೂ ಉಳಿಯಬೇಕು, ಅವರ ಮಂಡಿಯೂ ಉಳಿಯಬೇಕು. ಕಾಡನ್ನು ಇಳಿಸಿ ನಮ್ಮ ಮನೆಯ ಬಾಲ್ಕನಿಯಲ್ಲಿ ಬೀಗದೊಳಗೆ ಇಟ್ಟೆ. ತಾರಸಿಯಲ್ಲಿ ಒಂದು ಡ್ರಮ್ಮಿಗೆ ಅದೇ ಜಾತಿಯ ದೊಡ್ಡ ಸಸಿ ತಂದು ನೆಟ್ಟು, "ಇದರಿಂದ ಎಷ್ಟು ಬೇಕಾದರೂ ಕೀಳಿ" ಎಂದೆ. ಸುದ್ದಿ ಓಣಿಯಿಂದ ಓಣಿಗೆ ಹೋಯಿತು. ಈಗ ನನ್ನ ಮಂಡಿ ರೋಗಿಗಳೆಲ್ಲ ಬೆಳಿಗ್ಗೆ ಸಂಜೆ ಡಬ್ಬಿ ಹಿಡಿದು ಸಾಲಾಗಿ ಮೆಟ್ಟಿಲು ಹತ್ತುತ್ತಾರೆ. ನಿಜ ಏನೆಂದು ನಾನು ಒಬ್ಬೊಬ್ಬರಿಗೂ ಹೇಳುತ್ತೇನೆ. ಒಬ್ಬರೂ ನಂಬುವುದಿಲ್ಲ. ಎಲ್ಲರ ಮಂಡಿಯೂ ಸುಧಾರಿಸುತ್ತಿದೆ.

ಮೊನ್ನೆ ಹೊಸದಾಗಿ ಬಂದ ಒಬ್ಬರು ಹಿರಿಯರು ಅರ್ಧ ಮೆಟ್ಟಿಲಿನಲ್ಲಿ ಏದುಸಿರು ಬಿಡುತ್ತ ನಿಂತು, ಕೆಳಗಿದ್ದ ನನ್ನನ್ನು ಕೇಳಿದರು. "ಅಲ್ಲ ಡಾಕ್ಟ್ರೇ, ಆ ಡ್ರಮ್ಮನ್ನು ಕೆಳಗೆ ಅಂಗಳದಲ್ಲೇ ಇಟ್ಟರೆ ಎಂತ?"

ನಾನು ಬಾಯಿ ತೆರೆಯುವ ಮೊದಲೇ ತಾರಸಿಯಿಂದ ಅಮ್ಮನ ಸ್ವರ ಬಂತು.

"ಕೆಳಗಿಟ್ಟರೆ ಅದಕ್ಕೆ ಪವರ್ ಇರುವುದಿಲ್ಲ! ಹತ್ತಿ ಬನ್ನಿ!"